ಹಳೆಯ ವಾಹನದ ಪಿಸ್ಟನ್ ರಿಂಗ್: ಮೊದಲು ಅಳತೆ, ನಂತರ ಬದಲಾವಣೆ

(ಗ್ರಾಮ ಪಂಚಾಯಿತಿ ಸದಸ್ಯರ ತಿಳಿವಳಿಕೆಗಾಗಿ ತಾಂತ್ರಿಕ ಲೇಖನ)

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ವಾಹನ ದುರಸ್ತಿಯ ದರಪಟ್ಟಿ ಬಂದಾಗ ಅದರಲ್ಲಿ ‘ಎಂಜಿನ್ ಕೆಲಸ, ರಿಂಗ್ ಸೆಟ್ ಬದಲಾವಣೆ’ ಎಂಬ ಒಂದೇ ಸಾಲು ಇರುವುದುಂಟು. ಅದರ ಮುಂದೆ ದೊಡ್ಡದೊಂದು ಮೊತ್ತವಿರುತ್ತದೆ. ವಾಹನ ಹೊಗೆ ಉಗುಳುತ್ತಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಆದ್ದರಿಂದ ಹೆಚ್ಚಿನ ಚರ್ಚೆಯಿಲ್ಲದೆ ಅನುಮೋದನೆ ದೊರೆಯುತ್ತದೆ. ಕೆಲವೇ ತಿಂಗಳುಗಳಲ್ಲಿ ಅದೇ ವಾಹನ ಅದೇ ಹೊಗೆಯೊಡನೆ ಮರಳಿ ಗ್ಯಾರೇಜಿಗೆ ಹೋದರೆ, ಮೊದಲು ವೆಚ್ಚವಾದ ಹಣ ವ್ಯರ್ಥವಾದಂತೆಯೇ ಸರಿ.

ಪಂಚಾಯಿತಿಯ ವಾಹನ ನಿಂತರೆ ಅದರ ಪರಿಣಾಮ ಕಚೇರಿಯ ಅಂಗಳಕ್ಕೆ ಸೀಮಿತವಾಗುವುದಿಲ್ಲ. ಸಂಜೀವಿನಿ ಒಕ್ಕೂಟದ ಮಹಿಳೆಯರು ಚಲಾಯಿಸುವ ಕಸ ಸಂಗ್ರಹ ವಾಹನ ನಿಂತರೆ ಮನೆ ಮನೆಯ ಕಸ ಮತ್ತೆ ಬೀದಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದ ಹಟ್ಟಿಗೆ ನೀರು ಒಯ್ಯುವ ಟ್ಯಾಂಕರಿನ ಟ್ರ್ಯಾಕ್ಟರ್ ನಿಂತರೆ ಜನರಿಗೆ ಅಂದಿನ ನೀರೇ ಇಲ್ಲವಾಗುತ್ತದೆ. ಆದುದರಿಂದ ಎಂಜಿನ್ನಿನ ಒಳಗಿನ ಈ ಸಣ್ಣ ಭಾಗದ ಬಗ್ಗೆ ಸದಸ್ಯರು ತಕ್ಕಮಟ್ಟಿಗೆ ತಿಳಿದಿರುವುದು ಅವಶ್ಯಕ. ಸದಸ್ಯರು ಸ್ಪ್ಯಾನರ್ ಹಿಡಿಯಬೇಕಾಗಿಲ್ಲ. ಯಾವ ಅಳತೆಯನ್ನು ಕೇಳಬೇಕು, ಆ ಅಳತೆ ಏನನ್ನು ಹೇಳುತ್ತದೆ ಎಂಬುದನ್ನು ಅರಿತಿದ್ದರೆ ಸಾಕು.

1. ರಿಂಗ್ ಮಾಡುವ ಕೆಲಸ

ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಚಲಿಸುತ್ತದೆ. ಬಿಸಿಯಾದಾಗ ಹಿಗ್ಗಲು ಅವಕಾಶವಿರಲೆಂದು ಪಿಸ್ಟನ್ ಮತ್ತು ಸಿಲಿಂಡರ್ ಗೋಡೆಯ ನಡುವೆ ಸ್ವಲ್ಪ ಸಂದು ಬಿಟ್ಟಿರುತ್ತಾರೆ. ಆ ಸಂದನ್ನು ಮುಚ್ಚುವುದು ಪಿಸ್ಟನ್ನಿನ ಸುತ್ತ ಕೊರೆದ ಗ್ರೂವ್‌ಗಳಲ್ಲಿ ಕೂರುವ ರಿಂಗುಗಳು. ಕಾರು ಮತ್ತು ಸಣ್ಣ ಸರಕು ವಾಹನಗಳ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಪ್ರತಿ ಪಿಸ್ಟನ್ನಿಗೆ ಮೂರು ರಿಂಗುಗಳಿರುತ್ತವೆ. ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ನಾಲ್ಕು ಅಥವಾ ಐದು ಇರುವುದೂ ಉಂಟು. ಮೇಲಿನ ರಿಂಗುಗಳು ಉರಿದ ಅನಿಲದ ಒತ್ತಡ ಕೆಳಗೆ ಸೋರದಂತೆ ತಡೆಯುತ್ತವೆ. ಕೆಳಗಿನ ಆಯಿಲ್ ರಿಂಗ್ ಗೋಡೆಗೆ ಅಂಟಿದ ಹೆಚ್ಚಿನ ಎಣ್ಣೆಯನ್ನು ಒರೆಸಿ ಸಂಪಿಗೆ ಮರಳಿಸುತ್ತದೆ. ಪಿಸ್ಟನ್ನಿನ ಶಾಖವನ್ನು ತಂಪಾದ ಗೋಡೆಗೆ ದಾಟಿಸುವುದು ಇವುಗಳ ಮೂರನೆಯ ಕೆಲಸ.

ರಿಂಗ್ ಸವೆದಾಗ ಈ ಮೂರೂ ಕೆಲಸಗಳು ಕೆಡುತ್ತವೆ. ಎಂಜಿನ್ನಿನ ಎಳೆತ ಕುಗ್ಗುತ್ತದೆ, ಎಣ್ಣೆ ಉರಿಯತೊಡಗುತ್ತದೆ, ಪಿಸ್ಟನ್ ಮಿತಿಮೀರಿ ಕಾಯುತ್ತದೆ. ಕೆಳಗೆ ಸೋರಿದ ಅನಿಲ ಎಣ್ಣೆಯನ್ನು ಕಪ್ಪಾಗಿಸಿ ಬೇರಿಂಗುಗಳ ಆಯುಷ್ಯವನ್ನೂ ತಗ್ಗಿಸುತ್ತದೆ.

2. ನಮ್ಮ ಜಿಲ್ಲೆಯಲ್ಲಿ ಸವೆತ ಬೇಗ ಏಕೆ?

ಚಿತ್ರದುರ್ಗ ಜಿಲ್ಲೆ ಮಳೆ ಕಡಿಮೆಯಿರುವ, ಗಾಳಿ ಹೆಚ್ಚು ಬೀಸುವ ಬಯಲುಸೀಮೆ. ಗಾಳಿಯಂತ್ರಗಳಿಗೆ ಅನುಕೂಲವಾದ ಆ ಗಾಳಿಯೇ ಒಣಗಿದ ಹೊಲದ ಮಣ್ಣನ್ನು ಎತ್ತಿ ತರುತ್ತದೆ. ಹೊಳಲ್ಕೆರೆ ಮತ್ತು ಚಿತ್ರದುರ್ಗ ತಾಲ್ಲೂಕುಗಳಲ್ಲಿ ಕಬ್ಬಿಣದ ಅದಿರಿನ ಲಾರಿಗಳು ಓಡಾಡುವ ರಸ್ತೆಗಳಿವೆ. ಹಿರಿಯೂರು, ಹೊಸದುರ್ಗದ ಹಳ್ಳಿಗಳಿಗೆ ಹೋಗುವ ಮಣ್ಣಿನ ದಾರಿಗಳಿವೆ. ಧೂಳಿನಲ್ಲಿರುವ ಮರಳಿನ ಕಣಗಳು ಎರಕದ ಕಬ್ಬಿಣಕ್ಕಿಂತ ಗಡಸು. ಅವು ಏರ್ ಫಿಲ್ಟರ್ ದಾಟಿ ಎಣ್ಣೆಯೊಡನೆ ಬೆರೆತರೆ ಸಿಲಿಂಡರ್ ಗೋಡೆಯನ್ನು ಉಪ್ಪುಕಾಗದದಂತೆ ಉಜ್ಜುತ್ತವೆ. ಈ ಸವೆತ ಸಿಲಿಂಡರಿನ ಮೇಲ್ಭಾಗದಲ್ಲಿಯೇ ಅತಿ ಹೆಚ್ಚು. ಅಲ್ಲಿ ಶಾಖ ಮತ್ತು ಒತ್ತಡ ಹೆಚ್ಚು, ಎಣ್ಣೆಯ ಪದರ ತೆಳು, ಒಳಬಂದ ಧೂಳು ಮೊದಲು ತಾಗುವುದೂ ಅಲ್ಲಿಯೇ.

ಆದುದರಿಂದ ಎಂಜಿನ್ ಬೇಗ ಸವೆದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ: ಧೂಳು ಎಲ್ಲಿಂದ ಒಳಬಂತು? ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಬಿರುಕು ಬಿಟ್ಟಿದೆಯೇ? ಅದರ ಕ್ಲಿಪ್ ಸಡಿಲವಾಗಿದೆಯೇ? ಆಯಿಲ್ ಬಾತ್ ಮಾದರಿಯ ಏರ್ ಕ್ಲೀನರ್ ಇರುವ ಹಳೆಯ ಟ್ರ್ಯಾಕ್ಟರಿನಲ್ಲಿ ತಟ್ಟೆಯ ಎಣ್ಣೆ ಕೆಸರಾಗಿದೆಯೇ? ಈ ಕಾರಣವನ್ನು ಸರಿಪಡಿಸದೆ ಹಾಕಿದ ಹೊಸ ರಿಂಗ್ ಹಳೆಯ ರಿಂಗಿನ ದಾರಿಯನ್ನೇ ಹಿಡಿಯುತ್ತದೆ.

3. ಎಂಜಿನ್ ಬಿಚ್ಚುವ ಮುನ್ನ

ಎಲ್ಲ ಹೊಗೆಗೂ ರಿಂಗ್ ಕಾರಣವಲ್ಲ. ಕಪ್ಪು ಹೊಗೆ ಇಂಧನ ಹೆಚ್ಚಾಗಿರುವುದರ ಅಥವಾ ಗಾಳಿ ಸಾಲದಿರುವುದರ ಗುರುತು. ಫಿಲ್ಟರ್, ಕಾರ್ಬ್ಯುರೇಟರ್ ಅಥವಾ ಡೀಸೆಲ್ ನಾಝಲ್ ಪರೀಕ್ಷಿಸಬೇಕು. ಬಿಳಿ ಹೊಗೆ ಬಿಡದೆ ಬರುತ್ತಿದ್ದು ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಶಂಕಿಸಬೇಕು. ಎಣ್ಣೆ ಉರಿಯುವುದರ ಗುರುತು ನೀಲಿ ಹೊಗೆ. ಅದರಲ್ಲಿಯೂ ಭೇದವಿದೆ. ರಾತ್ರಿಯೆಲ್ಲ ನಿಂತ ವಾಹನ ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ನೀಲಿ ಹೊಗೆ ಬಿಟ್ಟು ನಂತರ ಸರಿಹೋದರೆ ವಾಲ್ವ್ ಗೈಡ್ ಅಥವಾ ವಾಲ್ವ್ ಸೀಲ್ ಸವೆದಿರುವ ಸಂಭವ ಹೆಚ್ಚು. ಭಾರ ಎಳೆಯುವಾಗ, ಏರು ಹತ್ತುವಾಗ ಬಿಡದೆ ನೀಲಿ ಹೊಗೆ ಬಂದರೆ, ಜೊತೆಗೆ ಬ್ರೀದರ್ ಪೈಪಿನಿಂದ ಹೊಗೆ ರಭಸವಾಗಿ ನುಗ್ಗುತ್ತಿದ್ದರೆ ರಿಂಗ್ ಅಥವಾ ಸಿಲಿಂಡರ್ ಸವೆದಿದೆ ಎನ್ನಬಹುದು.

ಪೆಟ್ರೋಲ್ ಎಂಜಿನ್ನಿನಲ್ಲಿ ಕಂಪ್ರೆಷನ್ ಪರೀಕ್ಷೆ ಸುಲಭ. ಸ್ಪಾರ್ಕ್ ಪ್ಲಗ್ ತೆಗೆದು ಅಲ್ಲಿ ಗೇಜ್ ಕೂರಿಸಿ ಎಂಜಿನ್ ತಿರುಗಿಸಿ ಪ್ರತಿ ಸಿಲಿಂಡರಿನ ಒತ್ತಡವನ್ನು ಬರೆದುಕೊಳ್ಳಬೇಕು. ನಂತರ ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಸ್ಪಷ್ಟವಾಗಿ ಏರಿದರೆ ದೋಷ ರಿಂಗ್ ಅಥವಾ ಬೋರಿನಲ್ಲಿದೆ. ಹಾಕಿದ ಎಣ್ಣೆ ತಾತ್ಕಾಲಿಕವಾಗಿ ಸಂದನ್ನು ಮುಚ್ಚಿದ್ದರಿಂದ ಒತ್ತಡ ಏರಿತು. ಏರದಿದ್ದರೆ ದೋಷ ವಾಲ್ವ್ ಅಥವಾ ಗ್ಯಾಸ್ಕೆಟ್‌ನಲ್ಲಿದೆ. ಡೀಸೆಲ್ ಎಂಜಿನ್ನಿನ ಒತ್ತಡ ಬಹಳ ಹೆಚ್ಚು. ಅದಕ್ಕೆ ಬೇರೆ ಗೇಜ್ ಬೇಕು. ಪಿಸ್ಟನ್ ಮೇಲಿನ ಜಾಗವೂ ಕಿರಿದಾದ್ದರಿಂದ ಎಣ್ಣೆ ಹಾಕುವ ಪರೀಕ್ಷೆಯನ್ನು ಅನುಭವಿ ಮೆಕ್ಯಾನಿಕ್ ಹೊರತು ಇತರರು ಮಾಡಬಾರದು.

ಇವೆಲ್ಲಕ್ಕಿಂತ ಸುಲಭವಾದ ಸಾಕ್ಷ್ಯ ವಾಹನದ ಲಾಗ್ ಪುಸ್ತಕ. ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ಗಂಟೆಗೆ ಎಷ್ಟು ಲೀಟರ್ ಎಣ್ಣೆ ಮೇಲಿಂದ ತುಂಬಿಸಲಾಯಿತು ಎಂಬುದನ್ನು ಚಾಲಕರು ಬರೆದಿಟ್ಟರೆ ಸವೆತ ಯಾವಾಗ ಆರಂಭವಾಯಿತು, ಎಷ್ಟು ವೇಗವಾಗಿ ಹೆಚ್ಚುತ್ತಿದೆ ಎಂಬುದು ಎಂಜಿನ್ ಬಿಚ್ಚದೆಯೇ ತಿಳಿಯುತ್ತದೆ.

4. ಎರಡು ಆಳಗಳಲ್ಲಿ ಒಂದು ರಿಂಗ್

ಎಂಜಿನ್ ಬಿಚ್ಚಿದ ಮೇಲೆ ಮೊದಲು ಆಗಬೇಕಾದುದು ಅಳತೆ. ರಿಂಗ್ ಪೂರ್ಣ ವೃತ್ತವಲ್ಲ. ಅದರ ಎರಡು ತುದಿಗಳ ನಡುವೆ ಸಣ್ಣ ಸಂದು ಇರುತ್ತದೆ. ಇದನ್ನು ರಿಂಗ್ ಗ್ಯಾಪ್ ಎನ್ನುತ್ತಾರೆ. ಬಿಸಿಯಾದ ರಿಂಗ್ ಹಿಗ್ಗಿದಾಗ ತುದಿಗಳು ಒಂದಕ್ಕೊಂದು ತಾಗದಿರಲೆಂದು ಈ ಸಂದು. ಸ್ಥೂಲ ಲೆಕ್ಕ ಹೀಗಿದೆ: ಬೋರಿನ ಪ್ರತಿ 100 ಮಿ.ಮೀ. ವ್ಯಾಸಕ್ಕೆ 0.30ರಿಂದ 0.40 ಮಿ.ಮೀ. ಸಂದು. ಸರ್ಕಾರಿ ಕಚೇರಿಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಬೋರ್ ಸುಮಾರು 73 ಮಿ.ಮೀ.; ಅದಕ್ಕೆ ಈ ಲೆಕ್ಕದಂತೆ 0.22ರಿಂದ 0.29 ಮಿ.ಮೀ. ಸಂದು ಬೇಕು. ಈ ಲೆಕ್ಕಕ್ಕೆ ಆಧಾರವಿದೆ. 73 ಮಿ.ಮೀ. ರಿಂಗಿನ ಸುತ್ತಳತೆ ಸುಮಾರು 229 ಮಿ.ಮೀ.; ಅದು ಗೋಡೆಗಿಂತ 100 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಎರಕದ ಕಬ್ಬಿಣ ಸುಮಾರು 0.26 ಮಿ.ಮೀ. ಹಿಗ್ಗುತ್ತದೆ. ಆಯಾ ವಾಹನದ ತಯಾರಕರ ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಕೈಪಿಡಿಯದೇ ಅಂತಿಮ.

ಅಳೆಯುವ ಕ್ರಮ ಸರಳ. ಪಿಸ್ಟನ್ನಿನಿಂದ ತೆಗೆದ ಹಳೆಯ ಮೇಲಿನ ರಿಂಗನ್ನು ಶುಚಿಗೊಳಿಸಿ ಅದೇ ಸಿಲಿಂಡರಿನೊಳಗೆ ಇಡಬೇಕು. ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ಅದರಿಂದ ರಿಂಗನ್ನು ಕೆಳಕ್ಕೆ ತಳ್ಳಬೇಕು. ಆಗ ರಿಂಗ್ ಓರೆಯಾಗದೆ ಸಮನಾಗಿ ಕೂರುತ್ತದೆ. ರಿಂಗ್ ಓಡಾಡುವ ಜಾಗಕ್ಕಿಂತ ಕೆಳಗೆ, ಸವೆತ ಬಹುತೇಕ ಇಲ್ಲದ ಅಡಿಭಾಗದಲ್ಲಿ ಅದನ್ನು ನಿಲ್ಲಿಸಿ ತುದಿಗಳ ನಡುವೆ ಫೀಲರ್ ಗೇಜಿನ ಎಲೆಯನ್ನು ತೂರಿಸಿ ಸಂದನ್ನು ಓದಬೇಕು. ಅನಂತರ ಅದೇ ರಿಂಗನ್ನು ಮೇಲ್ಭಾಗದಲ್ಲಿ, ಸಿಲಿಂಡರಿನ ತುದಿಯ ಅಂಚಿನ ಏಣಿಗೆ ಸ್ವಲ್ಪ ಕೆಳಗೆ, ಸವೆತ ಅತಿ ಹೆಚ್ಚಿರುವ ಕಡೆ ನಿಲ್ಲಿಸಿ ಮತ್ತೊಮ್ಮೆ ಓದಬೇಕು. ಎರಡೂ ಅಂಕಿಗಳನ್ನು ಸಿಲಿಂಡರ್ ಸಂಖ್ಯೆಯೊಡನೆ ಬರೆಯಬೇಕು.

ಈ ಎರಡು ಅಂಕಿಗಳು ಎರಡು ಬೇರೆ ಸಂಗತಿಗಳನ್ನು ತಿಳಿಸುತ್ತವೆ. ಅಡಿಭಾಗದ ಸಂದು ಹೊಸ ರಿಂಗಿಗೆ ಇರಬೇಕಾದುದಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಳ ರಿಂಗಿನದೇ ಸವೆತ. ಮೇಲಿನ ಸಂದಿಗೂ ಅಡಿಯ ಸಂದಿಗೂ ಇರುವ ವ್ಯತ್ಯಾಸ ಸಿಲಿಂಡರಿನ ಸವೆತ. ವ್ಯಾಸ ಹಿಗ್ಗಿದರೆ ಸುತ್ತಳತೆ ಅದರ 3.14 ಪಟ್ಟು ಹಿಗ್ಗುತ್ತದೆ; ಆದ್ದರಿಂದ ಆ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಮೇಲ್ಭಾಗದಲ್ಲಿ ಬೋರ್ ಎಷ್ಟು ಅಗಲವಾಗಿದೆ ಎಂಬುದು ದೊರೆಯುತ್ತದೆ. ಗ್ಯಾರೇಜಿನಲ್ಲಿ ಇದನ್ನು ಟೇಪರ್ ಎನ್ನುತ್ತಾರೆ.

ಒಂದೇ ಬಗೆಯ ಹೊಗೆ ಬಿಡುವ, 73 ಮಿ.ಮೀ. ಬೋರಿನ ಎರಡು ಎಂಜಿನ್ನುಗಳಿವೆ ಎಂದಿಟ್ಟುಕೊಳ್ಳೋಣ.

ಮೊದಲನೆಯದರಲ್ಲಿ ಅಡಿಯ ಸಂದು 0.75 ಮಿ.ಮೀ., ಮೇಲಿನದು 0.90 ಮಿ.ಮೀ. ವ್ಯತ್ಯಾಸ 0.15, 3.14ರಿಂದ ಭಾಗಿಸಿದರೆ ಟೇಪರ್ ಸುಮಾರು 0.05 ಮಿ.ಮೀ. ಇಲ್ಲಿ ಸವೆದಿರುವುದು ಮುಖ್ಯವಾಗಿ ರಿಂಗ್. ಹೊಸ ರಿಂಗ್ ಹಾಕಿದರೆ ಫಲ ದೊರೆಯುತ್ತದೆ.

ಎರಡನೆಯದರಲ್ಲಿ ಅಡಿಯ ಸಂದು 0.45 ಮಿ.ಮೀ., ಮೇಲಿನದು 1.15 ಮಿ.ಮೀ. ವ್ಯತ್ಯಾಸ 0.70, ಟೇಪರ್ ಸುಮಾರು 0.22 ಮಿ.ಮೀ. ಇಲ್ಲಿ ಸವೆದಿರುವುದು ಸಿಲಿಂಡರ್. ಇದಕ್ಕೆ ಹೊಸ ರಿಂಗ್ ಹಾಕಿದರೆ ಅದು ಪ್ರತಿ ಏರಿಳಿತದಲ್ಲಿಯೂ ಹಿಗ್ಗಿ ಕುಗ್ಗಬೇಕಾಗುತ್ತದೆ. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಪಿಸ್ಟನ್ 4,000 ಬಾರಿ ಏರುತ್ತದೆ ಇಲ್ಲವೇ ಇಳಿಯುತ್ತದೆ. ಅಷ್ಟು ಬಾರಿ ಆಕಾರ ಬದಲಿಸುವ ರಿಂಗ್ ಗೋಡೆಗೆ ಸರಿಯಾಗಿ ಅಂಟಲಾರದು. ಹೊಗೆ ಶೀಘ್ರವೇ ಮರಳುತ್ತದೆ.

ಎರಡೂ ವಾಹನಗಳ ದರಪಟ್ಟಿಯಲ್ಲಿ ‘ರಿಂಗ್ ಸೆಟ್ ಬದಲಾವಣೆ’ ಎಂಬ ಅದೇ ಸಾಲು ಇರಬಹುದು. ಆದರೆ ಮೊದಲನೆಯದಕ್ಕೆ ಅದು ಉಚಿತವಾದ ವೆಚ್ಚ, ಎರಡನೆಯದಕ್ಕೆ ಅಪವ್ಯಯ. ಇವೆರಡನ್ನೂ ಬೇರ್ಪಡಿಸುವುದು ಅಳತೆಯೊಂದೇ. ತದ್ವಿರುದ್ಧವೂ ಸತ್ಯ: ಮೊದಲನೆಯ ಎಂಜಿನ್ನಿಗೆ ‘ಬೋರ್‌ಗೆ ಬಂದಿದೆ’ ಎಂದು ಹೇಳಿ ಪೂರ್ಣ ಎಂಜಿನ್ ಕೆಲಸ ಮಾಡಿಸಿದರೂ ಪಂಚಾಯಿತಿಗೆ ನಷ್ಟವೇ.

ಇನ್ನೆರಡು ಅಳತೆಗಳು ಅಗತ್ಯ. ರಿಂಗ್ ಗ್ಯಾಪ್ ಬೋರಿನ ಅಂಡಾಕಾರವನ್ನು ತೋರಿಸುವುದಿಲ್ಲ. ಪಿಸ್ಟನ್ ಎರಡು ಪಕ್ಕಗಳಿಗೆ ಒತ್ತುವುದರಿಂದ ಸಿಲಿಂಡರ್ ಒಂದು ದಿಕ್ಕಿನಲ್ಲಿ ಹೆಚ್ಚು ಸವೆಯುತ್ತದೆ. ಲೇತ್ ಅಂಗಡಿಯಲ್ಲಿ ಬೋರ್ ಗೇಜಿನಿಂದ ಮೇಲೆ, ನಡುವೆ, ಅಡಿಯಲ್ಲಿ, ಪ್ರತಿ ಕಡೆಯೂ ಉದ್ದ ಮತ್ತು ಅಡ್ಡ ದಿಕ್ಕಿನಲ್ಲಿ, ಒಟ್ಟು ಆರು ಅಳತೆ ತೆಗೆಸಬೇಕು. ಎರಡನೆಯದು, ಪಿಸ್ಟನ್ನಿನ ಗ್ರೂವ್ ಮತ್ತು ರಿಂಗಿನ ನಡುವಿನ ಪಕ್ಕದ ಸಂದು. ಗ್ರೂವ್‌ನಲ್ಲಿ ಗಟ್ಟಿಯಾದ ಇಂಗಾಲವನ್ನು ತೆಗೆದು, ಹೊಸ ರಿಂಗನ್ನು ಅದರಲ್ಲಿಟ್ಟು ಫೀಲರ್ ಗೇಜಿನಿಂದ ನೋಡಬೇಕು. ಸಾಮಾನ್ಯವಾಗಿ ಇದು 0.04ರಿಂದ 0.10 ಮಿ.ಮೀ. ಇರುತ್ತದೆ, 0.15 ಮಿ.ಮೀ. ದಾಟಿದ್ದರೆ ಪಿಸ್ಟನ್ನೇ ಸವೆದಿದೆ. ಅಂತಹ ಪಿಸ್ಟನ್ನಿಗೆ ಹೊಸ ರಿಂಗ್ ಹಾಕಿದರೆ ಅದು ಗ್ರೂವ್‌ನಲ್ಲಿ ಅಲುಗಾಡಿ ಮುರಿಯಬಹುದು.

5. ಅಳತೆಯಿಂದ ನಿರ್ಧಾರಕ್ಕೆ

ಕೈಪಿಡಿ ದೊರೆಯದಿದ್ದಾಗ ಸಣ್ಣ ವಾಹನಗಳ ಎಂಜಿನ್ನಿಗೆ ಈ ಸ್ಥೂಲ ಮಿತಿಗಳನ್ನು ಅನುಸರಿಸಬಹುದು.

ಅ) ಟೇಪರ್ ಮತ್ತು ಅಂಡಾಕಾರ 0.10 ಮಿ.ಮೀ. ಒಳಗಿದ್ದು, ಗೋಡೆಯ ಮೇಲೆ ಉಗುರಿಗೆ ತಾಗುವ ಗೀರುಗಳಿಲ್ಲದಿದ್ದರೆ: ಹೋನಿಂಗ್ ಮಾಡಿಸಿ ಅದೇ ಅಳತೆಯ ಹೊಸ ರಿಂಗ್ ಹಾಕಿಸುವುದು.

ಆ) 0.10ರಿಂದ 0.20 ಮಿ.ಮೀ. ನಡುವೆ ಇದ್ದರೆ: ವಾಹನವನ್ನು ಇನ್ನೆಷ್ಟು ಕಾಲ ಬಳಸಬೇಕಿದೆ ಎಂಬುದನ್ನು ನೋಡಿ ನಿರ್ಧರಿಸುವುದು. ರಿಂಗ್ ಬದಲಾವಣೆಯಿಂದ ಅಲ್ಪಕಾಲದ ಪರಿಹಾರ ಮಾತ್ರ ದೊರೆಯುತ್ತದೆ ಎಂಬುದು ಸಭೆಗೆ ತಿಳಿದಿರಬೇಕು.

ಇ) 0.20 ಮಿ.ಮೀ. ಮೀರಿದ್ದರೆ ಅಥವಾ ಆಳವಾದ ಗೀರುಗಳಿದ್ದರೆ: ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಮತ್ತು ರಿಂಗ್ ಹಾಕಿಸುವುದು. ದೊಡ್ಡ ಅಳತೆಗಳು ಸಾಮಾನ್ಯವಾಗಿ 0.25, 0.50, 0.75, 1.00 ಮಿ.ಮೀ.ಗಳಲ್ಲಿ ದೊರೆಯುತ್ತವೆ. ಲೈನರ್ ಇರುವ ಟ್ರ್ಯಾಕ್ಟರ್ ಎಂಜಿನ್ನುಗಳಲ್ಲಿ ಬೋರ್ ಮಾಡಿಸುವ ಬದಲು ಲೈನರ್, ಪಿಸ್ಟನ್, ರಿಂಗ್ ಸೇರಿದ ಕಿಟ್ ಹಾಕಿಸುತ್ತಾರೆ.

ಕೆಲವೊಮ್ಮೆ ಸವೆದ ಬೋರಿಗೆ ದೊಡ್ಡ ಅಳತೆಯ ರಿಂಗನ್ನು ತುದಿ ತೇಯ್ದು ಹಾಕುವುದುಂಟು. ಇದಕ್ಕೆ ಒಪ್ಪಬಾರದು. ತೇಯ್ದ ರಿಂಗ್ ಆ ಬೋರಿನಲ್ಲಿ ಸರಿಯಾದ ವೃತ್ತವಾಗಿ ಕೂರುವುದಿಲ್ಲ.

6. ಜೋಡಣೆಯಲ್ಲಿ ಗಮನಿಸಬೇಕಾದವು

ಸಿಲಿಂಡರಿನ ತುದಿಯಲ್ಲಿ ಸವೆಯದೆ ಉಳಿದ ಏಣಿಯನ್ನು ಮೊದಲು ತೆಗೆಯಬೇಕು. ಇಲ್ಲವಾದರೆ ಚೂಪಾದ ಅಂಚಿನ ಹೊಸ ರಿಂಗ್ ಅದಕ್ಕೆ ಬಡಿದು ಮುರಿಯುತ್ತದೆ. ಹೋನಿಂಗಿನಿಂದ ಗೋಡೆಯ ಮೇಲೆ ಒಂದನ್ನೊಂದು ಹಾಯುವ ಸಣ್ಣ ಗೆರೆಗಳು ಮೂಡಬೇಕು. ಈ ಗೆರೆಗಳು ಎಣ್ಣೆಯನ್ನು ಹಿಡಿದಿಟ್ಟು ಹೊಸ ರಿಂಗ್ ಗೋಡೆಗೆ ಹೊಂದಿಕೊಳ್ಳಲು ನೆರವಾಗುತ್ತವೆ. ಹೋನಿಂಗ್ ಆದ ಮೇಲೆ ಸಾಬೂನಿನ ಬಿಸಿನೀರಿನಿಂದ ತೊಳೆದು, ಬಿಳಿ ಬಟ್ಟೆಯಿಂದ ಒರೆಸಿದಾಗ ಕಲೆ ಬೀಳದಷ್ಟು ಶುಚಿಗೊಳಿಸಿ, ಕೂಡಲೇ ಎಣ್ಣೆ ಸವರಬೇಕು. ಸೀಮೆಎಣ್ಣೆಯಿಂದ ಒರೆಸಿದರೆ ಸಾಲದು. ಗೆರೆಗಳಲ್ಲಿ ಉಳಿದ ಕಲ್ಲಿನ ಪುಡಿ ಹೊರಗಿನ ಧೂಳಿನಷ್ಟೇ ಹಾನಿಕಾರಕ.

ಹೊಸ ರಿಂಗನ್ನೂ ಹಾಗೆಯೇ ಹಾಕಿಬಿಡಬಾರದು. ಪ್ರತಿ ರಿಂಗನ್ನು ಅದರದೇ ಸಿಲಿಂಡರಿನ ಅಡಿಭಾಗದಲ್ಲಿಟ್ಟು ಸಂದನ್ನು ಅಳೆಯಬೇಕು. ಅತಿ ಕಿರಿದಾದ ಜಾಗದಲ್ಲಿ ಸಂದು ಸಾಕಷ್ಟಿದ್ದರೆ ಬೇರೆಲ್ಲ ಕಡೆಯೂ ಸಾಕಾಗುತ್ತದೆ. ಸಂದು ಕಡಿಮೆಯಿದ್ದರೆ ಸಣ್ಣ ಅರದಿಂದ ಹೊರಮೈಯಿಂದ ಒಳಮುಖವಾಗಿ ತೇಯಬೇಕು. ಹೊರಮೈಯ ಕ್ರೋಮ್ ಲೇಪ ಕೀಳದಿರಲು ಈ ಕ್ರಮ. ಸಂದು ತೀರ ಕಡಿಮೆಯಾದರೆ ಬಿಸಿಯಲ್ಲಿ ತುದಿಗಳು ಕೂಡಿ ರಿಂಗ್ ಮುರಿಯುತ್ತದೆ, ಗೋಡೆ ಗೀರುತ್ತದೆ. ಸಂದು ಸ್ವಲ್ಪ ಹೆಚ್ಚಾಗುವುದಕ್ಕಿಂತ ಇದು ದೊಡ್ಡ ಅಪಾಯ.

ರಿಂಗಿನ ಮೇಲೆ ಗುರುತಿದ್ದರೆ ಆ ಮುಖ ಮೇಲಕ್ಕಿರಬೇಕು. ಮೂರು ರಿಂಗುಗಳ ಸಂದುಗಳು ಒಂದೇ ಸಾಲಿನಲ್ಲಿ ಬರದಂತೆ ಸುತ್ತಲೂ ಹಂಚಬೇಕು. ರಿಂಗನ್ನು ಕೈಯಿಂದ ತಿರುಚಿ ಏರಿಸದೆ ರಿಂಗ್ ಎಕ್ಸ್‌ಪ್ಯಾಂಡರ್ ಬಳಸಬೇಕು. ಕನೆಕ್ಟಿಂಗ್ ರಾಡಿನ ಕ್ಯಾಪುಗಳನ್ನು ಅದಲುಬದಲು ಮಾಡದೆ ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು.

7. ದುರಸ್ತಿಯಾದ ಮೇಲೆ

ಮೊದಲ 500ರಿಂದ 1,000 ಕಿಲೋಮೀಟರ್, ಟ್ರ್ಯಾಕ್ಟರಿನಲ್ಲಿ ಮೊದಲ ಸುಮಾರು 50 ಗಂಟೆ, ರಿಂಗ್ ಗೋಡೆಗೆ ಹೊಂದಿಕೊಳ್ಳುವ ಅವಧಿ. ಈ ಕಾಲದಲ್ಲಿ ಮಿತಿಮೀರಿದ ಭಾರ ಹೇರಬಾರದು. ಹಾಗೆಂದು ನಿಂತಲ್ಲೇ ಬಹುಹೊತ್ತು ಎಂಜಿನ್ ಓಡಿಸುವುದೂ ಸರಿಯಲ್ಲ. ಹದವಾದ ಭಾರದಲ್ಲಿ ವೇಗವನ್ನು ಬದಲಿಸುತ್ತ ಓಡಿಸಬೇಕು. ಮೊದಲ 500 ಕಿಲೋಮೀಟರಿನಲ್ಲಿಯೇ ಎಣ್ಣೆ ಮತ್ತು ಆಯಿಲ್ ಫಿಲ್ಟರ್ ಬದಲಿಸಬೇಕು. ಈ ಸೂಚನೆಗಳನ್ನು ವಾಹನ ಚಲಾಯಿಸುವವರಿಗೆ ಬರಹದಲ್ಲಿ ನೀಡುವುದು ಒಳ್ಳೆಯದು. ಏರ್ ಫಿಲ್ಟರಿನ ನಿಗದಿತ ಶುಚಿತ್ವವನ್ನು ಧೂಳಿನ ತಿಂಗಳುಗಳಲ್ಲಿ ಇನ್ನೂ ಬೇಗ ಬೇಗ ಮಾಡಬೇಕು.

8. ವೆಚ್ಚಕ್ಕೆ ಮುನ್ನ ನೋಂದಣಿಯ ದಿನಾಂಕ

ಹಳೆಯ ವಾಹನಕ್ಕೆ ಎಂಜಿನ್ ಕೆಲಸ ಮಾಡಿಸುವ ಮುನ್ನ ಅದರ ನೋಂದಣಿ ಪತ್ರವನ್ನು ನೋಡುವುದು ಕಡ್ಡಾಯವೆಂದೇ ತಿಳಿಯಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಸರ್ಕಾರಗಳ, ನಗರ ಸ್ಥಳೀಯ ಸಂಸ್ಥೆಗಳ ಮತ್ತು ಪಂಚಾಯಿತಿಗಳ ಒಡೆತನದ ವಾಹನಗಳ ನೋಂದಣಿ 15 ವರ್ಷಗಳ ನಂತರ ಮುಂದುವರಿಯುವುದಿಲ್ಲ. ಅಂತಹ ವಾಹನಗಳನ್ನು ನೋಂದಾಯಿತ ಗುಜರಿ ಕೇಂದ್ರದ ಮೂಲಕ ವಿಲೇವಾರಿ ಮಾಡಬೇಕು. ಖಾಸಗಿ ಕಾರಿಗೆ ಇರುವ ನವೀಕರಣದ ಅವಕಾಶ ಪಂಚಾಯಿತಿಯ ವಾಹನಕ್ಕಿಲ್ಲ. ನೋಂದಣಿ ಮುಗಿಯಲು ಒಂದು ವರ್ಷ ಮಾತ್ರ ಉಳಿದಿರುವ ವಾಹನಕ್ಕೆ ಬೋರ್, ಪಿಸ್ಟನ್ ಸೇರಿದ ಪೂರ್ಣ ಕೆಲಸ ಮಾಡಿಸುವುದು ವಿವೇಕವಲ್ಲ. ಅಲ್ಲಿ ಅಳತೆ ಒಪ್ಪಿದರೆ ರಿಂಗ್ ಬದಲಾವಣೆ ಸಾಕು, ಇಲ್ಲವಾದರೆ ಬದಲಿ ವಾಹನದ ಯೋಜನೆಯೇ ಲೇಸು.

9. ಸಭೆಯ ಮುಂದೆ ಇರಬೇಕಾದ ವಿವರಗಳು

ಎಂಜಿನ್ ಬಿಚ್ಚಿ ಪರೀಕ್ಷಿಸುವ ಕೆಲಸಕ್ಕೆ ಮತ್ತು ದುರಸ್ತಿಗೆ ಬೇರೆ ಬೇರೆಯಾಗಿ ದರ ಪಡೆಯುವುದು ಉತ್ತಮ. ಪರೀಕ್ಷೆಯ ವರದಿ ಕೈಸೇರಿದ ಮೇಲೆಯೇ ದುರಸ್ತಿಯ ದರಪಟ್ಟಿಯನ್ನು ನಿಯಮಾನುಸಾರ ಆಹ್ವಾನಿಸಿದರೆ ಎಲ್ಲ ಗ್ಯಾರೇಜುಗಳೂ ಒಂದೇ ಕೆಲಸಕ್ಕೆ ದರ ನೀಡುತ್ತವೆ; ಹೋಲಿಕೆ ಸಾಧ್ಯವಾಗುತ್ತದೆ. ಅನುಮೋದನೆಗೆ ಮುನ್ನ ಸದಸ್ಯರು ಈ ಕೆಳಗಿನವುಗಳನ್ನು ಅಭಿವೃದ್ಧಿ ಅಧಿಕಾರಿಯವರಿಂದ ಕೇಳಿ ಪಡೆಯಬಹುದು.

• ನೋಂದಣಿ ದಿನಾಂಕ ಮತ್ತು ಉಳಿದ ಅವಧಿ.
• ಲಾಗ್ ಪುಸ್ತಕದಂತೆ ಎಣ್ಣೆ ತುಂಬಿಸಿದ ವಿವರ.
• ಪ್ರತಿ ಸಿಲಿಂಡರಿನ ಮೇಲಿನ ಹಾಗೂ ಅಡಿಯ ರಿಂಗ್ ಗ್ಯಾಪ್.
• ಬೋರ್ ಗೇಜಿನ ಆರು ಅಳತೆಗಳು ಮತ್ತು ಪಿಸ್ಟನ್ ಗ್ರೂವ್‌ನ ಪಕ್ಕದ ಸಂದು.
• ಧೂಳು ಒಳಬಂದ ಕಾರಣ ಮತ್ತು ಅದನ್ನು ಸರಿಪಡಿಸುವ ಕ್ರಮ.
• ರಿಂಗ್, ಗ್ಯಾಸ್ಕೆಟ್, ಬೇರಿಂಗ್, ಎಣ್ಣೆ, ಲೇತ್ ಕೆಲಸ ಮತ್ತು ಕೂಲಿಗೆ ಪ್ರತ್ಯೇಕ ದರ.
• ಬದಲಿಸಿದ ಹಳೆಯ ಭಾಗಗಳನ್ನು ಪಂಚಾಯಿತಿಗೆ ಹಿಂತಿರುಗಿಸುವ ಷರತ್ತು.

ಅಳತೆಯ ಹಾಳೆಯನ್ನು ಸಭೆಯ ನಡಾವಳಿಯೊಡನೆ ಲಗತ್ತಿಸಿ, ಅದರ ಒಂದು ಪ್ರತಿಯನ್ನು ವಾಹನದ ಕಡತದಲ್ಲಿ ಇಡಬೇಕು. ಮುಂದೆ ಇದೇ ಎಂಜಿನ್ ಬಿಚ್ಚಿದಾಗ ಹೊಸ ಅಳತೆಯನ್ನು ಹಳೆಯದರೊಡನೆ ಹೋಲಿಸಿ, ಈ ದುರಸ್ತಿ ಎಷ್ಟು ಬಾಳಿಕೆ ಬಂತು, ಧೂಳು ತಡೆಯುವ ಕ್ರಮ ಫಲಿಸಿತೇ ಎಂಬುದನ್ನು ನಿಖರವಾಗಿ ತಿಳಿಯಬಹುದು. ಲೆಕ್ಕಪರಿಶೋಧನೆಯ ವೇಳೆ ವೆಚ್ಚಕ್ಕೆ ಸಮರ್ಥನೆಯಾಗಿಯೂ ಅದು ನಿಲ್ಲುತ್ತದೆ.